ಬರ್ತೀವಿ ಅನ್ನುವ ಮಾತು, ಬರುವ ದಾರಿ

(ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಅವತ್ತು ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ಸಂಗತಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸಮರಾಭ್ಯಾಸದ ಬಗ್ಗೆ ಮಾತು ಅಂದ ಕೂಡಲೇ ಕ್ಷಿಪಣಿ, ಫೈಟರ್ ಜೆಟ್ ಅಂತ ನೀವು ಕಾಯುತ್ತಿರಬಹುದು. ನಾನು ಒಂದು ಸೇತುವೆಯಿಂದ ಶುರು ಮಾಡುತ್ತೇನೆ.

ಕೆಲಸದ ಮೇಲೆ ಕೆಲವು ವರ್ಷ ಜರ್ಮನಿಯಲ್ಲಿದ್ದೆ, ಫುಲ್ಡಾ ಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ. ಮನೆಯಿಂದ ಬಸ್ ಸ್ಟಾಪಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳ, ಅದಕ್ಕೊಂದು ಸಣ್ಣ ಸೇತುವೆ. ಸೇತುವೆ ಪಕ್ಕದ ಕಂಬದ ಮೇಲೆ ಬಣ್ಣ ಮಾಸಿದ, ದುಂಡನೆಯ ಹಳದಿ ಫಲಕ. ಅದರಲ್ಲಿ ಕಪ್ಪು ಬಣ್ಣದಲ್ಲಿ ಒಂದು ಲಾರಿಯ ಚಿತ್ರ, ಒಂದು ಟ್ಯಾಂಕಿನ ಚಿತ್ರ, ಬಾಣದ ಗುರುತು, ಪಕ್ಕದಲ್ಲಿ ಅಂಕಿಗಳು. ದಿನಾ ನೋಡುತ್ತಿದ್ದೆ, ಏನು ಅಂತ ಗೊತ್ತಿರಲಿಲ್ಲ. ಒಂದು ದಿನ ಪಕ್ಕದ ಮನೆಯ ಅಜ್ಜನನ್ನು ಕೇಳಿದೆ. "ಅದು ನಮಗಲ್ಲ, ಸೈನ್ಯಕ್ಕೆ. ಎಷ್ಟು ಭಾರದ ಟ್ಯಾಂಕು ಈ ಸೇತುವೆ ಮೇಲೆ ಹೋಗಬಹುದು ಅಂತ ಬರೆದಿದ್ದಾರೆ" ಅಂದರು. ಚಕ್ರದ ಗಾಡಿಗೆ ಒಂದು ಅಂಕಿ, ಪಟ್ಟಿಯ ಮೇಲೆ ಉರುಳುವ ಟ್ಯಾಂಕಿಗೆ ಇನ್ನೊಂದು. ಒಂದೇ ಬಾಣ ಇದ್ದರೆ ಒಂದು ಸಾಲಿನಲ್ಲಿ ಹೋದಾಗಿನ ಲೆಕ್ಕ, ಎರಡು ಬಾಣ ಇದ್ದರೆ ಎರಡೂ ಕಡೆಯಿಂದ ಬಂದಾಗಿನ ಲೆಕ್ಕ. ಹಳೆಯ ಪಶ್ಚಿಮ ಜರ್ಮನಿಯಲ್ಲಿ ಇಂಥ ಫಲಕಗಳು ಸೇತುವೆ ಸೇತುವೆಗೂ ಇದ್ದವು.

ಯೋಚನೆ ಮಾಡಿ. ಬೇರೆ ದೇಶದ ಒಬ್ಬ ಟ್ಯಾಂಕ್ ಡ್ರೈವರ್, ಜರ್ಮನ್ ಭಾಷೆಯ ಒಂದು ಅಕ್ಷರ ಗೊತ್ತಿಲ್ಲ, ಈ ಊರನ್ನು ಯಾವತ್ತೂ ನೋಡಿಲ್ಲ, ನಡುರಾತ್ರಿ ಇಲ್ಲಿಗೆ ಬರುತ್ತಾನೆ. ಅವನು ಈ ಸೇತುವೆ ಹತ್ತಬೇಕೋ ಬೇಡವೋ ಅನ್ನುವುದನ್ನು ಯಾರೋ ಎಷ್ಟೋ ವರ್ಷ ಮೊದಲೇ ಅಳೆದು ಬರೆದಿಟ್ಟಿದ್ದಾರೆ. "ನಿಮಗೆ ಕಷ್ಟ ಬಂದರೆ ನಾವು ಬರ್ತೀವಿ" ಅಂತ ಒಂದು ದೇಶ ಇನ್ನೊಂದು ದೇಶಕ್ಕೆ ಕೊಟ್ಟ ಮಾತು ಕೊನೆಗೆ ಬಂದು ನಿಲ್ಲುವುದು ಇಂಥ ಕಡೆ. ಮಾತು ಕೊಡುವುದು ಒಂದು ಸಹಿಯ ಕೆಲಸ. ಬರುವುದು ಮಾತ್ರ ಸೇತುವೆ, ಹಳಿ, ಡೀಸೆಲ್, ಪರವಾನಗಿ ಪತ್ರ, ನಿದ್ದೆಗೆಟ್ಟ ಚಾಲಕರು, ಇವರೆಲ್ಲರ ಕೆಲಸ. ಅದನ್ನು ಮೊದಲೇ ಮಾಡಿ ನೋಡಿರಬೇಕು. ನಮ್ಮಲ್ಲಿ ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತ ಬೈಯುವುದು ಇದಕ್ಕೇ ಅಲ್ವಾ?

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಅಮೆರಿಕ, ಕೆನಡಾ, ಯುರೋಪಿನ ದೇಶಗಳು ಸೇರಿದ ಮಿಲಿಟರಿ ಕೂಟ ನ್ಯಾಟೊ ಶುರುವಾಗಿದ್ದು 1949ರಲ್ಲಿ, 12 ದೇಶಗಳಿಂದ. ಒಬ್ಬರ ಮೇಲೆ ದಾಳಿ ಆದರೆ ಎಲ್ಲರ ಮೇಲೆ ಆದಂತೆ ಅನ್ನುವುದು ಅದರ ಐದನೇ ವಿಧಿ. ಕಾಗದದ ಮೇಲೆ ಗಟ್ಟಿಯಾದ ಮಾತು. ಆದರೆ ನಕ್ಷೆ ಬೇರೆಯೇ ಹೇಳುತ್ತಿತ್ತು. ದೊಡ್ಡ ಸೈನ್ಯ ಇರುವ ಅಮೆರಿಕ ಅಟ್ಲಾಂಟಿಕ್ ಸಾಗರದ ಆಚೆ. ಜರ್ಮನಿ ಆಗ ಎರಡು ಹೋಳು, ಎದುರಾಳಿ ಸೋವಿಯತ್ ಪಡೆಗಳು ಪೂರ್ವ ಜರ್ಮನಿಯಲ್ಲೇ ಬೀಡುಬಿಟ್ಟಿದ್ದವು. ನಾನಿದ್ದ ಫುಲ್ಡಾದ ಕಡೆಯ ಕಣಿವೆ ದಾರಿ ಹಿಡಿದರೆ ಗಡಿಯಿಂದ ಫ್ರಾಂಕ್‌ಫರ್ಟಿಗೆ ಸುಮಾರು 100 ಕಿಲೋಮೀಟರ್. ಬೆಂಗಳೂರಿನಿಂದ ಮಂಡ್ಯಕ್ಕೆ ಹೋದಷ್ಟು. ಹಡಗಿನಲ್ಲಿ ಟ್ಯಾಂಕು ಬರುವಷ್ಟರಲ್ಲಿ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಆಗುತ್ತಿತ್ತು.

ಅದಕ್ಕೆ ಅಮೆರಿಕದವರು ಒಂದು ಉಪಾಯ ಮಾಡಿದರು. ಟ್ಯಾಂಕು ಭಾರ, ಮನುಷ್ಯ ಹಗುರ. ಭಾರದ್ದನ್ನು ಮೊದಲೇ ತಂದು ಅಲ್ಲೇ ಇಡೋಣ, ಹಗುರದ್ದನ್ನು ವಿಮಾನದಲ್ಲಿ ತರೋಣ ಅಂತ. 1961ರಲ್ಲಿ ಬರ್ಲಿನ್ ಗೋಡೆ ಎದ್ದ ಬಿಕ್ಕಟ್ಟಿನ ನಂತರ ಎರಡು ಡಿವಿಷನ್, ಅಂದರೆ ಸಾವಿರಾರು ಸೈನಿಕರ ಎರಡು ದೊಡ್ಡ ಪಡೆಗಳು, ಆ ಡಿವಿಷನ್‌ಗಳಿಗೆ ಬೇಕಾದ ಸಾಮಾನನ್ನು ಯುರೋಪಿನಲ್ಲಿ ಇಟ್ಟರು. 1963ರ ಅಕ್ಟೋಬರಿನಲ್ಲಿ ಅದನ್ನು ಪರೀಕ್ಷೆ ಮಾಡಿದರು. ಟೆಕ್ಸಾಸ್‌ನಿಂದ ಒಂದು ಇಡೀ ಶಸ್ತ್ರಸಜ್ಜಿತ ಡಿವಿಷನ್, ಸುಮಾರು 15,000 ಮಂದಿ, ಅಂದಾಜು 63 ಗಂಟೆಗಳಲ್ಲಿ ಜರ್ಮನಿಯಲ್ಲಿ ಇಳಿದರು. ಅದರ ಹೆಸರು ಬಿಗ್ ಲಿಫ್ಟ್.

ಎಲ್ಲರೂ ಚಪ್ಪಾಳೆ ತಟ್ಟಬೇಕಿತ್ತು. ಆದರೆ ಜರ್ಮನರಿಗೆ ಹೊಟ್ಟೆಯಲ್ಲಿ ತಳಮಳ ಶುರುವಾಯಿತು. ಇಷ್ಟು ಬೇಗ ಬರೋಕೆ ಆಗುತ್ತೆ ಅಂದಮೇಲೆ ಇಲ್ಲಿ ಯಾಕೆ ಇರಬೇಕು ಅಂತ ಅಮೆರಿಕದವರು ಹೊರಟುಬಿಟ್ಟರೆ? ಇವತ್ತಿನ ನನ್ನ ಮಾತಿನ ಗಂಟು ಇರುವುದು ಇಲ್ಲೇ, ದಯವಿಟ್ಟು ನೆನಪಿಟ್ಟುಕೊಳ್ಳಿ. "ಬರ್ತೀವಿ" ಮತ್ತು "ಇರ್ತೀವಿ" ಎರಡೂ ಒಂದೇ ಅಲ್ಲ. ಗಡಿಯಲ್ಲಿ ಮನೆ ಮಾಡಿಕೊಂಡವನ ಕಿವಿಗೆ ಅವೆರಡರ ವ್ಯತ್ಯಾಸ ಚೆನ್ನಾಗಿ ಕೇಳಿಸುತ್ತದೆ.

ಆ ಭಯ ಸುಳ್ಳೇನೂ ಆಗಲಿಲ್ಲ. ವಿಯೆಟ್ನಾಂ ಯುದ್ಧ ನಡೀತಿತ್ತು, ಡಾಲರ್ ಹೊರಗೆ ಹರಿಯುತ್ತಿತ್ತು. 1967ರಲ್ಲಿ ಸುಮಾರು 35,000 ಮಂದಿಯನ್ನು ಜರ್ಮನಿಯಿಂದ ವಾಪಸ್ ಕರೆಸಿಕೊಳ್ಳುವ ತೀರ್ಮಾನ ಆಯಿತು. ಬದಲಿಗೆ ಒಂದು ಭರವಸೆ ಕೊಟ್ಟರು: ಪ್ರತಿವರ್ಷ ವಾಪಸ್ ಬಂದು ತೋರಿಸುತ್ತೇವೆ ಅಂತ. ಅಷ್ಟರಲ್ಲಿ 1968ರ ಆಗಸ್ಟಿನಲ್ಲಿ ಸೋವಿಯತ್ ಟ್ಯಾಂಕುಗಳು ಜೆಕೊಸ್ಲೊವಾಕಿಯಾಕ್ಕೆ ನುಗ್ಗಿದವು. ಇನ್ನು ಕಾಯುವ ಹಾಗಿರಲಿಲ್ಲ. 1969ರ ಜನವರಿಯಲ್ಲಿ, ಮೈ ಕೊರೆಯುವ ಚಳಿಯಲ್ಲಿ, ಮೊದಲ ರಿಫೋರ್ಜರ್ ಸಮರಾಭ್ಯಾಸ ನಡೆಯಿತು. ಹೆಸರಿನ ಅರ್ಥವೇ ಜರ್ಮನಿಗೆ ಪಡೆಗಳು ಮರಳುವುದು ಅಂತ. 1993ರವರೆಗೆ ಇದು ನಡೆದುಕೊಂಡು ಬಂತು.

ಈ ಸಾಮಾನು ಇಟ್ಟ ಗೋದಾಮುಗಳ ಬಗ್ಗೆ ಸ್ವಲ್ಪ ಹೇಳಲೇಬೇಕು, ನನಗೆ ಇಡೀ ಕಥೆಯಲ್ಲಿ ಜಾಸ್ತಿ ಹಿಡಿಸಿದ್ದು ಇದು. ಮಳೆಗಾಲದಲ್ಲಿ ಎರಡು ತಿಂಗಳು ಸ್ಟಾರ್ಟ್ ಮಾಡದೆ ಬಿಟ್ಟ ಸ್ಕೂಟರ್ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ಬ್ಯಾಟರಿ ಡೌನ್, ತುಕ್ಕು, ಸೀಟಿನ ಮೇಲೆ ಬೂಷ್ಟು. ಹಾಗಾದರೆ ನೂರಾರು ಟ್ಯಾಂಕುಗಳನ್ನು ವರ್ಷಗಟ್ಟಲೆ ನಿಲ್ಲಿಸಿ, ಕರೆ ಬಂದ ದಿನವೇ ಹೊರಡಬೇಕು ಅಂದರೆ? ಗೋದಾಮಿನ ಗಾಳಿಯಿಂದ ತೇವ ಹೀರುವ ಯಂತ್ರಗಳನ್ನು ಹಾಕಿದರು. ಆಗಾಗ ಎಂಜಿನ್ ನೋಡಿಕೊಳ್ಳಲು ಜನ ಇಟ್ಟರು. ಸಾಮಾನನ್ನು ಟ್ಯಾಂಕು ಒಂದು ಕಡೆ, ಲಾರಿ ಒಂದು ಕಡೆ ಅಂತ ಜೋಡಿಸಲಿಲ್ಲ. ಒಂದೊಂದು ತುಕಡಿಗೆ ಬೇಕಾದದ್ದೆಲ್ಲ ಒಟ್ಟಿಗೆ, ಒಂದು ಕಂತೆಯಾಗಿ ಇಟ್ಟರು. ಸೈನಿಕ ತನ್ನ ಬಂದೂಕು, ತನ್ನ ಚೀಲ ಹಿಡಿದು ವಿಮಾನ ಇಳಿಯುತ್ತಾನೆ, ಬಸ್ಸಿನಲ್ಲಿ ಗೋದಾಮಿಗೆ ಬರುತ್ತಾನೆ, ತನ್ನ ಕಂಪನಿಯ ಗಾಡಿ ಹತ್ತಿ ಹೊರಡುತ್ತಾನೆ. 1970ರ ದಶಕದ ಕೊನೆಗೆ ಹತ್ತು ದಿನಗಳಲ್ಲಿ ಹತ್ತು ಡಿವಿಷನ್ ಅನ್ನುವ ಗುರಿ ಇಟ್ಟುಕೊಂಡರು. ಮದುವೆ ಮನೆಗೆ ಸಾಮಾನು ಮುಂಚೆಯೇ ಕಳಿಸಿ, ಅಡುಗೆಯವರು ಬೆಳಗ್ಗೆ ಕೈ ಬೀಸಿಕೊಂಡು ಬಂದು ಒಲೆ ಹಚ್ಚಿದ ಹಾಗೆ.

ಇದೇನು ಹಳೇ ಕಥೆ ಅಂದುಕೊಳ್ಳಬೇಡಿ. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದಾಗ ಅಮೆರಿಕದ ಜಾರ್ಜಿಯಾ ರಾಜ್ಯದ ಫೋರ್ಟ್ ಸ್ಟುವರ್ಟ್‌ನಿಂದ ಸುಮಾರು 3,800 ಸೈನಿಕರ ಒಂದು ಬ್ರಿಗೇಡ್ ವಿಮಾನ ಹತ್ತಿತು. ಯುರೋಪಿನ ಗೋದಾಮುಗಳಲ್ಲಿದ್ದ ಟ್ಯಾಂಕುಗಳನ್ನು ತೆಗೆದುಕೊಂಡು, ಮಾರ್ಚ್ ತಿಂಗಳಲ್ಲೇ ಜರ್ಮನಿಯ ಗ್ರಾಫೆನ್‌ವೋರ್ ಮೈದಾನದಲ್ಲಿ ಗುಂಡು ಹಾರಿಸುತ್ತಿತ್ತು. ಅದೇ ಹಳೇ ಉಪಾಯ, 59 ವರ್ಷದ ನಂತರ. ಈಗ ಪೋಲೆಂಡಿನ ಪೊವಿಡ್ಜ್‌ನಲ್ಲೂ ಇಂಥ ದೊಡ್ಡ ಗೋದಾಮು ಇದೆ.

ರಿಫೋರ್ಜರ್‌ನಲ್ಲಿ ದೊಡ್ಡದು 1988ರದ್ದು. ಸುಮಾರು 1.25 ಲಕ್ಷ ಸೈನಿಕರು. ಆ ಅಜ್ಜ ಅದನ್ನು ಕಣ್ಣಾರೆ ಕಂಡವರು. ಅಂಥ ಸಮರಾಭ್ಯಾಸ ನಡೆಯುತ್ತಿದ್ದದ್ದು ಬೇಲಿ ಹಾಕಿದ ಮೈದಾನದೊಳಗೆ ಮಾತ್ರ ಅಲ್ಲ. ಹಳ್ಳಿ ರಸ್ತೆಯಲ್ಲಿ, ಹೊಲದಲ್ಲಿ, ಕಾಡಂಚಿನಲ್ಲಿ. ಸಕ್ಕರೆ ಬೀಟ್ರೂಟ್ ಹಾಕಿದ್ದ ಅವರ ಹೊಲದ ಮೂಲೆಯನ್ನು ಟ್ಯಾಂಕುಗಳು ತುಳಿದು ಹಾಕಿದ್ದವಂತೆ. ಎರಡು ದಿನ ಬಿಟ್ಟು ಪುಸ್ತಕ ಹಿಡಿದುಕೊಂಡು ಅಧಿಕಾರಿಗಳು ಬಂದರು, ಟೇಪು ಹಿಡಿದು ಅಳೆದರು, ಬೆಳೆ ಯಾವುದು ಅಂತ ಬರೆದುಕೊಂಡರು, ಆಮೇಲೆ ಪರಿಹಾರ ಬಂತು. "ದುಡ್ಡು ಸರಿಯಾಗೇ ಕೊಟ್ಟರು. ಆದರೆ ಟ್ಯಾಂಕು ತುಳಿದ ಮಣ್ಣು ಮೂರು ವರ್ಷ ಗಟ್ಟಿಯಾಗೇ ಇತ್ತು" ಅಂದರು ಅಜ್ಜ. ನಾನು ರೈತರ ಮನೆಯವನು, ಆ ಮಾತು ನನಗೆ ತಾಗಿತು. ಮಿತ್ರದೇಶ ಬರುವುದು ಅಂದರೆ ನಿಮ್ಮ ಹೊಲದ ಮೇಲೆ ಬರುವುದು. ಅದಕ್ಕೆ ಊರಿನವರ ಒಪ್ಪಿಗೆ ಬೇಕು. ಆ ಒಪ್ಪಿಗೆ ಉಳಿಯಬೇಕಾದರೆ ಟೇಪು ಹಿಡಿದು ಬರುವ ಅಧಿಕಾರಿಯೂ ಟ್ಯಾಂಕಿನಷ್ಟೇ ಮುಖ್ಯ.

ಇನ್ನೊಂದು ಕಡೆಯಿಂದಲೂ ನೋಡಬೇಕು. ನೀವು ನಿಮ್ಮ ನೆರವಿಗೆ ಬರುವವರ ಜೊತೆ ತಾಲೀಮು ಮಾಡುತ್ತೀರಿ, ಆಚೆ ಬದಿಯವನಿಗೆ ಅದು ಹೇಗೆ ಕಾಣುತ್ತದೆ? ಲಕ್ಷ ಜನ, ಸಾವಿರಾರು ಗಾಡಿ, ಎಲ್ಲ ಅವನ ಗಡಿಯ ಕಡೆಗೆ ಹೊರಟಿವೆ. ತಾಲೀಮೋ, ನಿಜವಾದ ದಾಳಿಯೋ? 1983 ಅತಿ ಕೆಟ್ಟ ವರ್ಷ. ಸೆಪ್ಟೆಂಬರ್ 1ರಂದು ಸೋವಿಯತ್ ಯುದ್ಧವಿಮಾನ ಕೊರಿಯಾದ ಪ್ರಯಾಣಿಕ ವಿಮಾನವನ್ನು ಹೊಡೆದು ಉರುಳಿಸಿತು, 269 ಜನ ಸತ್ತರು. ಅದಾಗಿ ಎರಡು ತಿಂಗಳಿಗೆ ನ್ಯಾಟೊ ಏಬಲ್ ಆರ್ಚರ್ ಅನ್ನುವ ತಾಲೀಮು ನಡೆಸಿತು. ಟ್ಯಾಂಕು ಓಡಾಡುವ ತಾಲೀಮಲ್ಲ, ಅಣ್ವಸ್ತ್ರ ಬಳಸಲು ಆದೇಶ ಹೇಗೆ ಕೆಳಗಿನವರೆಗೂ ತಲುಪುತ್ತದೆ ಅನ್ನುವುದನ್ನು ಕಚೇರಿಗಳಲ್ಲೇ ಕೂತು ಮಾಡಿ ನೋಡುವುದು. ಪೂರ್ವ ಜರ್ಮನಿ, ಪೋಲೆಂಡಿನಲ್ಲಿದ್ದ ಸೋವಿಯತ್ ವಿಮಾನ ಪಡೆಗಳನ್ನು ಕಟ್ಟೆಚ್ಚರದಲ್ಲಿ ಇಟ್ಟರು. ಯುದ್ಧಕ್ಕೆ ಎಷ್ಟು ಹತ್ತಿರ ಹೋಗಿತ್ತು ಅನ್ನುವುದರ ಬಗ್ಗೆ ಇತಿಹಾಸಕಾರರು ಇನ್ನೂ ಜಗಳವಾಡುತ್ತಾರೆ. ಒಂದು ಹೆಜ್ಜೆಯೋ ಹತ್ತು ಹೆಜ್ಜೆಯೋ, ಆ ಕಡೆ ಹೋಗಿದ್ದಂತೂ ಹೌದು.

ಇದರಿಂದ ಕಲಿತ ಪಾಠ 1986ರ ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಬಂತು. 13,000ಕ್ಕಿಂತ ಜಾಸ್ತಿ ಸೈನಿಕರ ಸಮರಾಭ್ಯಾಸ ಅಂದರೆ 42 ದಿನ ಮೊದಲೇ ಎಲ್ಲರಿಗೂ ತಿಳಿಸಬೇಕು, ಇನ್ನೂ ದೊಡ್ಡದಾದರೆ ಎದುರಾಳಿ ದೇಶದ ವೀಕ್ಷಕರನ್ನು ಕರೆದು ತೋರಿಸಬೇಕು. ಆಮೇಲೆ ಬಂದ ವಿಯೆನ್ನಾ ದಾಖಲೆ ಅನ್ನುವ ಒಪ್ಪಂದದಲ್ಲಿ ಈ ಮಿತಿ 9,000ಕ್ಕೆ ಇಳಿಯಿತು. ನನ್ನ ದೃಷ್ಟಿಯಲ್ಲಿ ಇದು ಶೀತಲ ಸಮರದ ದೊಡ್ಡ ಗಳಿಕೆಗಳಲ್ಲಿ ಒಂದು. ಅದು ಹೇಗೆ ಹಾಳಾಯಿತು ಅನ್ನುವುದನ್ನೂ ನಾವು ಕಂಡಿದ್ದೇವೆ. 2022ರ ಫೆಬ್ರುವರಿ 10ರಿಂದ 20ರವರೆಗೆ ರಷ್ಯಾ ಬೆಲಾರುಸ್‌ನಲ್ಲಿ ಜಂಟಿ ಸಮರಾಭ್ಯಾಸ ಅಂತ ಪಡೆ ಸೇರಿಸಿತು. ಮುಗಿದ ಮೇಲೆ ವಾಪಸ್ ಹೋಗುತ್ತಾರೆ ಅಂದರು. ಹೋಗಲಿಲ್ಲ. 24ರಂದು ಅದೇ ಪಡೆಗಳು ಬೆಲಾರುಸ್ ಗಡಿ ದಾಟಿ ಕೀವ್ ಕಡೆಗೆ ಹೊರಟವು. ಸಮರಾಭ್ಯಾಸ ಅನ್ನುವ ಪದದ ಮೇಲೆ ಜನ ಇಟ್ಟಿದ್ದ ನಂಬಿಕೆಯೂ ಅವತ್ತೇ ಸತ್ತಿತು.

ಈಗ ಇವತ್ತಿನ ನಕ್ಷೆ ನೋಡಿ. ಆಗ ಫುಲ್ಡಾ ಹೇಗೋ, ಈಗ ಸುವಾಲ್ಕಿ ಹಾಗೆ. ಪೋಲೆಂಡಿಗೂ ಲಿಥುವೇನಿಯಾಕ್ಕೂ ನಡುವಿನ ಗಡಿ. ಒಂದು ಕಡೆ ರಷ್ಯಾದ ಮುಖ್ಯ ನೆಲದಿಂದ ಬೇರೆಯಾಗಿ ಉಳಿದ ಅದರದೇ ತುಂಡು ಕಲಿನಿನ್‌ಗ್ರಾಡ್, ಇನ್ನೊಂದು ಕಡೆ ರಷ್ಯಾದ ಮಿತ್ರ ಬೆಲಾರುಸ್. ನೇರ ಅಳತೆಯಲ್ಲಿ ಸುಮಾರು 65 ಕಿಲೋಮೀಟರ್, ಬೆಂಗಳೂರು ತುಮಕೂರಿನಷ್ಟು. ನ್ಯಾಟೊ ಸೇರಿರುವ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಮೂರೂ ಬಾಲ್ಟಿಕ್ ದೇಶಗಳಿಗೆ ನೆಲದ ಮೇಲೆ ನೆರವು ಬರಬೇಕಾದರೆ ಈ ಒಂದೇ ಬಾಗಿಲು.

ಬಾಗಿಲಲ್ಲಿ ಇನ್ನೊಂದು ತೊಡಕು. ಪೋಲೆಂಡಿನ ರೈಲು ಹಳಿಯ ಅಗಲ 1,435 ಮಿಲಿಮೀಟರ್, ಬಾಲ್ಟಿಕ್ ದೇಶಗಳ ಹಳಿ ರಷ್ಯಾದ ಕಾಲದ್ದು, 1,520. ವ್ಯತ್ಯಾಸ 85 ಮಿಲಿಮೀಟರ್, ನಾಲ್ಕು ಬೆರಳಿಗಿಂತ ಚೂರು ಜಾಸ್ತಿ. ಅಷ್ಟಕ್ಕೇ ಟ್ಯಾಂಕು ಹೊತ್ತ ಇಡೀ ರೈಲು ನಿಲ್ಲುತ್ತದೆ. ಇದು ನಮ್ಮ ಹಿರಿಯರಿಗೆ ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿಗೆ ಮದರಾಸಿನ ಕಡೆಯಿಂದ ಬ್ರಾಡ್ ಗೇಜ್, ಮೈಸೂರಿನ ಕಡೆಗೆ ಮೀಟರ್ ಗೇಜ್ ಇದ್ದ ಕಾಲದಲ್ಲಿ ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಮೂಟೆ ಹೊತ್ತವರ ಬೆನ್ನಿಗೆ ಗೊತ್ತು. ಯುರೋಪಿನ ಅಳತೆಯ ಹಳಿಯನ್ನು ಈಗ ಲಿಥುವೇನಿಯಾದ ಕೌನಸ್‌ವರೆಗೆ ಹಾಕಿದ್ದಾರೆ. ಟಾಲಿನ್‌ವರೆಗೆ (ಎಸ್ಟೋನಿಯಾದ ರಾಜಧಾನಿ) ಒಯ್ಯುವ ರೈಲ್ ಬಾಲ್ಟಿಕಾ ಯೋಜನೆ, ಒಟ್ಟು 870 ಕಿಲೋಮೀಟರ್, ಕೆಲಸ ನಡೀತಾ ಇದೆ.

ಹಳಿ ಸರಿ ಇದ್ದರೂ ಕಾಗದ ಸರಿ ಇರಬೇಕು. 2018ರ ಜನವರಿಯಲ್ಲಿ ಅಮೆರಿಕದ ಫಿರಂಗಿಗಳನ್ನು ಹೊತ್ತು ಪೋಲೆಂಡಿನಿಂದ ಬರುತ್ತಿದ್ದ ಟ್ರಕ್ಕುಗಳನ್ನು ಜರ್ಮನಿಯ ಸ್ಯಾಕ್ಸನಿಯಲ್ಲಿ ಹೈವೇ ಪೊಲೀಸರು ತಡೆದು ನಿಲ್ಲಿಸಿದರು. ಹೊರೆ ಅಗಲ ಜಾಸ್ತಿ, ಭಾರ ಜಾಸ್ತಿ, ಪರವಾನಗಿ ಸರಿ ಇಲ್ಲ. ಪೊಲೀಸರ ತಪ್ಪಿಲ್ಲ, ಅವರ ಕೆಲಸ ಅವರು ಮಾಡಿದರು. ಶಾಂತಿಕಾಲದ ಕಾನೂನಿಗೆ ಫಿರಂಗಿಯೂ ಒಂದೇ, ಕಬ್ಬಿನ ಲೋಡೂ ಒಂದೇ. ಅದಕ್ಕೆ 2024ರ ಜನವರಿಯಲ್ಲಿ ನೆದರ್ಲೆಂಡ್ಸ್, ಜರ್ಮನಿ, ಪೋಲೆಂಡ್ ಸೇರಿ ಸೈನ್ಯದ ಓಡಾಟಕ್ಕೆ ಒಂದು ಸುಗಮ ದಾರಿ ಮಾಡಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದವು.

ಅದೇ ತಿಂಗಳು ಸ್ಟೆಡ್‌ಫಾಸ್ಟ್ ಡಿಫೆಂಡರ್ ಅನ್ನುವ ನ್ಯಾಟೊ ಸಮರಾಭ್ಯಾಸ ಶುರುವಾಯಿತು. ಸುಮಾರು 90,000 ಸೈನಿಕರು, ಮೇ ಕೊನೆಯವರೆಗೆ. 1988ರ ರಿಫೋರ್ಜರ್ ನಂತರ ಇಷ್ಟು ದೊಡ್ಡದು ಇದೇ. ಜನವರಿ 24ರಂದು ಅಮೆರಿಕದ ನಾರ್ಫೋಕ್ ಬಂದರಿನಿಂದ ಗನ್‌ಸ್ಟನ್ ಹಾಲ್ ಅನ್ನುವ ಹಡಗು ಹೊರಟಿತು. ಮಾರ್ಚಿನಲ್ಲಿ ಪೋಲೆಂಡಿನ ವಿಸ್ತುಲಾ ನದಿಯ ದಡದಲ್ಲಿ, ಕೊಜೆನಿಯೆವೊ ಅನ್ನುವ ಊರಿನ ಹತ್ತಿರ, ಹಲವು ದೇಶಗಳ ಪಡೆಗಳು ಸೇರಿ ನದಿ ದಾಟಿದವು. ಲಾರಿಯಂಥ ಗಾಡಿಗಳು ನೇರ ನೀರಿಗೇ ಇಳಿಯುತ್ತವೆ, ಎರಡೂ ಪಕ್ಕ ರೆಕ್ಕೆಯಂತೆ ಬಿಚ್ಚಿಕೊಳ್ಳುತ್ತವೆ, ಒಂದಕ್ಕೊಂದು ಕೊಂಡಿ ಹಾಕಿಕೊಂಡು ತೆಪ್ಪ ಆಗುತ್ತವೆ. ಟ್ಯಾಂಕು ನಿಧಾನವಾಗಿ ಅದರ ಮೇಲೆ ಏರುತ್ತದೆ. ಸೇತುವೆಗಳನ್ನೆಲ್ಲ ಶತ್ರು ಹೊಡೆದುಹಾಕಿದರೆ ಏನು ಮಾಡುವುದು ಅನ್ನುವ ಪ್ರಶ್ನೆಗೆ ಅದು ಉತ್ತರ. ಒಬ್ಬನು ಕೈಸನ್ನೆ ಮಾಡುತ್ತಾನೆ, ಇನ್ನೊಂದು ದೇಶದವನು ಆ ಸನ್ನೆ ನೋಡಿ ಗೇರ್ ಹಾಕುತ್ತಾನೆ. ಈ ಸನ್ನೆ ಇಬ್ಬರಿಗೂ ಒಂದೇ ಅರ್ಥ ಕೊಡಬೇಕು. ತಾಲೀಮು ಬೇಕಾಗುವುದು ಇಂಥ ಕ್ಷಣಕ್ಕೆ.

ನಮ್ಮ ದೇಶ ಯಾವ ಮಿಲಿಟರಿ ಕೂಟದಲ್ಲೂ ಇಲ್ಲ, ಅದು ನಿಮಗೆ ಗೊತ್ತು. ಯಾರಿಗೂ "ಬರ್ತೀವಿ" ಅಂತ ನಾವು ಬರೆದುಕೊಟ್ಟಿಲ್ಲ. ಆದರೂ ಜಂಟಿ ಸಮರಾಭ್ಯಾಸ ಮಾಡುತ್ತೇವೆ, ಅದರಲ್ಲಿ ನಮ್ಮ ಬೆಳಗಾವಿಗೂ ಪಾಲಿದೆ. 2022ರಲ್ಲಿ ಜಪಾನ್ ಜೊತೆಗಿನ ಧರ್ಮ ಗಾರ್ಡಿಯನ್ ನಡೆದದ್ದು ಅಲ್ಲೇ, ಮರಾಠಾ ಲೈಟ್ ಇನ್‌ಫೆಂಟ್ರಿಯ ಜವಾನರ ಜೊತೆ. ಅಲ್ಲಿ ಸಣ್ಣ ತುಕಡಿಗಳು ಸೇರಿ ಕಾಡಿನಲ್ಲಿ, ಊರೊಳಗೆ ಹೇಗೆ ಕಾರ್ಯಾಚರಣೆ ಮಾಡಬೇಕು ಅಂತ ಕಲಿಯುತ್ತವೆ. ಡಿವಿಷನ್ ಸಾಗಿಸುವ ತಾಲೀಮಿಗೂ ಇದಕ್ಕೂ ಹೋಲಿಕೆ ಇಲ್ಲ. ಪರಿಚಯ ಮಾಡಿಕೊಳ್ಳುವುದು ಬೇರೆ, ಕಷ್ಟಕ್ಕೆ ಓಡಿಬರುತ್ತೇನೆ ಅಂತ ಮಾತು ಕೊಡುವುದು ಬೇರೆ.

ಕೊನೆಯಲ್ಲಿ ಪ್ರಶ್ನೋತ್ತರ ಇತ್ತು. ಎರಡನೇ ಸಾಲಿನಲ್ಲಿ ಕೂತಿದ್ದ ಎನ್‌ಸಿಸಿ ಹುಡುಗಿ ಎದ್ದು ಕೇಳಿದಳು: "ಸರ್, ಇಷ್ಟೆಲ್ಲ ತಾಲೀಮು ಮಾಡಿದ್ದಾರೆ, ನಿಜವಾಗಿ ಯಾವತ್ತಾದರೂ ಬಂದಿದ್ದಾರಾ?"

ಒಳ್ಳೆ ಪ್ರಶ್ನೆ. ಐದನೇ ವಿಧಿಯನ್ನು ಇಲ್ಲಿಯವರೆಗೆ ಬಳಸಿದ್ದು ಒಂದೇ ಸಲ, 2001ರ ಸೆಪ್ಟೆಂಬರ್ 12ರಂದು. ಹಿಂದಿನ ದಿನ ದಾಳಿ ಆಗಿದ್ದು ಅಮೆರಿಕದ ಮೇಲೆ. ಮೂವತ್ತು ವರ್ಷ ಅಟ್ಲಾಂಟಿಕ್ ದಾಟಿ ಯುರೋಪಿಗೆ ಬರುವ ತಾಲೀಮು ನಡೆದಿತ್ತು, ನೆರವು ಹೋಗಿದ್ದು ಮಾತ್ರ ಯುರೋಪಿನಿಂದ ಅಮೆರಿಕಕ್ಕೆ. ಜರ್ಮನಿಯ ಗೈಲೆನ್‌ಕಿರ್ಶೆನ್‌ನಲ್ಲಿದ್ದ ನ್ಯಾಟೊದ ಏಳು ಅವಾಕ್ಸ್ ಕಣ್ಗಾವಲು ವಿಮಾನಗಳು, 13 ದೇಶಗಳ 830 ಸಿಬ್ಬಂದಿ, 2002ರ ಮೇ ತನಕ ಅಮೆರಿಕದ ಆಕಾಶ ಕಾದರು. ಮುನ್ನೂರ ಅರವತ್ತಕ್ಕೂ ಹೆಚ್ಚು ಸಲ ಹಾರಿದರು. ಬಂದರು, ಹೌದು.

ಆದರೆ ಅವಳು ಬಿಡಲಿಲ್ಲ. "ಅದು ವಿಮಾನ ಸರ್. ಲಿಥುವೇನಿಯಾದವರು ಎಷ್ಟು ದಿನ ಕಾಯಬೇಕು?"

2022ರಲ್ಲಿ ಮ್ಯಾಡ್ರಿಡ್‌ನಲ್ಲಿ ನಡೆದ ನ್ಯಾಟೊ ಸಭೆ ಒಪ್ಪಿದ ಲೆಕ್ಕ ಹೇಳಿದೆ: ಹತ್ತು ದಿನದೊಳಗೆ ಒಂದು ಲಕ್ಷ, ತಿಂಗಳೊಳಗೆ ಇನ್ನೂ ಎರಡು ಲಕ್ಷ ಸೈನಿಕರು ಸಿದ್ಧ ಇರಬೇಕು ಅಂತ. ಹೇಳುವಾಗಲೇ ನನಗೆ ಅನಿಸಿತು, 65 ಕಿಲೋಮೀಟರ್ ಬಾಗಿಲಿನ ಮುಂದೆ ಹತ್ತು ದಿನ ಅಂದರೆ ಬಹಳ ದಿನ. ಲಿಥುವೇನಿಯಾದವರಿಗೂ ಹಾಗೇ ಅನಿಸಿದೆ. 2017ರಿಂದ ಅಲ್ಲಿ ರುಕ್ಲಾದಲ್ಲಿ ಜರ್ಮನಿಯ ಮುಂದಾಳತ್ವದ ಒಂದು ಬಹುರಾಷ್ಟ್ರೀಯ ಪಡೆ ಇದೆ, ಸರದಿಯ ಮೇಲೆ ಬಂದು ಹೋಗುವವರು. ಅದು ಸಾಲದು ಅಂತ ಈಗ ಜರ್ಮನಿ ಪೂರ್ತಿ ಒಂದು ಬ್ರಿಗೇಡನ್ನೇ, ಸುಮಾರು 4,800 ಸೈನಿಕರನ್ನು, 2027ರ ಹೊತ್ತಿಗೆ ಕಾಯಂ ಆಗಿ ಅಲ್ಲೇ ಇರಿಸುತ್ತಿದೆ. 2025ರ ಮೇ 22ರಂದು ವಿಲ್ನಿಯಸ್‌ನ ಕತೀಡ್ರಲ್ ಚೌಕದಲ್ಲಿ ಅದರ ಉದ್ಘಾಟನೆ ಆಯಿತು. ನೆರವಿಗೆ ಯಾರು ಬರುತ್ತಾರೆ ಅಂತ ಒಂದು ಕಾಲದಲ್ಲಿ ಕಾಯುತ್ತಿದ್ದ ಜರ್ಮನರು ಈಗ ಬೇರೆಯವರ ಗಡಿಯಲ್ಲಿ ಹೋಗಿ ನಿಂತಿದ್ದಾರೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಅದಕ್ಕಾಗಿ ವಿಲ್ನಿಯಸ್, ಕೌನಸ್ ಊರುಗಳಲ್ಲಿ ಆ ಮಕ್ಕಳಿಗೆ ಶಾಲೆ, ಶಿಶುವಿಹಾರಗಳ ವ್ಯವಸ್ಥೆ ಮಾಡುತ್ತಿದ್ದಾರೆ.

ಹುಡುಗಿ ಸ್ವಲ್ಪ ಹೊತ್ತು ಸುಮ್ನೆ ನಿಂತಳು. "ಹಾಗಾದ್ರೆ ಇರ್ತೀವಿ ಅಂತ ಹೇಳಿದ ಹಾಗಾಯ್ತು, ಅಲ್ವಾ ಸರ್?" ಅಂದು ಕೂತಳು.